ತಾಲೂಕು ಘೋಷಣೆಯಾದರೆ ಪರಿಹಾರ ಬಂದಂತೆಯೇ?

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ದಡ ಹತ್ತಲೇ ಇಲ್ಲ. ಸಮುದ್ರದಲ್ಲೇ ಉತ್ತರಕ್ಕೆ ಸಾಗಿ ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಹಾಗಿದ್ದೂ ಭಟ್ಕಳ, ಹೊನ್ನಾವರದ ಕಡೆ ಮನೆಗಳಿಗೆ ಪೆಟ್ಟು ಬಿತ್ತು, ದೋಣಿಗಳು ಒಡೆದವು. ಹವಾಮಾನ ನಕ್ಷೆಯ ಗೆರೆ ಬೇರೆ, ಪರಿಹಾರದ ಗೆರೆ ಬೇರೆ. ಆದರೂ ಪ್ರತಿ ಗಾಳಿಮಳೆಯ ನಂತರ ಏಳುವ ಬೇಡಿಕೆ ಒಂದೇ: 'ನಮ್ಮ ತಾಲೂಕನ್ನು ವಿಪತ್ತುಪೀಡಿತ ಎಂದು ಘೋಷಿಸಿ.' ಘೋಷಣೆಯಾದರೆ ಹಣ ತಾನಾಗಿ ಖಾತೆಗೆ ಬೀಳುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ.

ಈ ನಂಬಿಕೆ ಬಂದದ್ದು ಬರದಿಂದ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮಳೆ ಕೊರತೆ, ಮಣ್ಣಿನ ತೇವಾಂಶ, ಬಿತ್ತನೆ ಪ್ರಮಾಣ ನೋಡಿ, ಆಯ್ದ ಹಳ್ಳಿಗಳಲ್ಲಿ ಹೊಲಕ್ಕಿಳಿದು ಪರಿಶೀಲಿಸಿ, ಕೊನೆಗೆ ತಾಲೂಕನ್ನು ಬರಪೀಡಿತ ಎನ್ನುತ್ತಾರೆ. ಅಲ್ಲಿ ಅದು ಸರಿ. ಮುಂಡಗೋಡದ ಒಂದು ಊರಿಗೆ ಮಳೆ ಕೈಕೊಟ್ಟರೆ ಪಕ್ಕದೂರಿಗೂ ಹೆಚ್ಚುಕಡಿಮೆ ಹಾಗೇ. ಗಾಳಿ ಹಾಗಲ್ಲ. ಒಂದು ತೋಟದಲ್ಲಿ ಅಡಿಕೆ ಮರಗಳು ಸಾಲಾಗಿ ಮಲಗಿರುತ್ತವೆ. ಬೇಲಿಯಾಚೆ ಒಂದು ಸೋಗೆಯೂ ಉದುರಿರುವುದಿಲ್ಲ. ಚಂಡಮಾರುತ, ನೆರೆಗಳಿಗೂ ಸರ್ಕಾರ ತಾಲೂಕು ಪಟ್ಟಿ ಹೊರಡಿಸುವುದುಂಟು. ಆದರೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯ (ಎಸ್‌ಡಿಆರ್‌ಎಫ್) ದರಪಟ್ಟಿಯಲ್ಲಿ ಹಣ ಗೊತ್ತುಮಾಡಿರುವುದು ಮನೆಗೆ, ದೋಣಿಗೆ, ಬಲೆಗೆ, ಜಾನುವಾರಿಗೆ, ಹೆಕ್ಟೇರಿಗೆ. ತಾಲೂಕಿಗಲ್ಲ.

ಮೊದಲು ನೋಡುವುದು ವಿಪತ್ತಿನ ಹೆಸರು. 2022–26ರ ನಿಯಮದಲ್ಲಿ ಪಟ್ಟಿಯಾಗಿದ್ದವು 12: ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಬರೀ 'ಗಾಳಿ' ಇರಲಿಲ್ಲ. ಕಡಲ್ಕೊರೆತವೂ ಇರಲಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮೂರು ನಿಮಿಷದ ಸರಾಸರಿ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರಷ್ಟೇ ಚಂಡಮಾರುತ, 61ಕ್ಕೆ ನಿಂತರೆ ತೀವ್ರ ವಾಯುಭಾರ ಕುಸಿತ. ಗುಡುಗು ಮಳೆಯಲ್ಲಿ ಒಮ್ಮೆ ರಪ್ಪನೆ 80ರ ವೇಗದಲ್ಲಿ ಬೀಸಿ ಹೋದ ಗಾಳಿ ಈ ಲೆಕ್ಕಕ್ಕೇ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಸ್ಥಳೀಯ ವಿಪತ್ತುಗಳನ್ನು ರಾಜ್ಯವೇ ಗುರುತಿಸಿ ನಿಧಿಯ ಶೇ. 10ರವರೆಗೆ ಬಳಸಬಹುದು. ಇಂಥ ವಿಪತ್ತುಗಳಿಗೆ ಇರುವ ದಾರಿ ಅದು.

ಆಮೇಲೆ ಶೇಕಡಾವಾರು. ಎಡವುವುದು ಇಲ್ಲೇ. ಶಿರಸಿಯ ಒಂದು ಎಕರೆ ತೋಟದಲ್ಲಿ 2.7 ಮೀಟರ್ ಅಂತರಕ್ಕೆ ಒಂದರಂತೆ ಸುಮಾರು 550 ಅಡಿಕೆ ಮರ ಎನ್ನೋಣ. ಬೆಳೆಹಾನಿ ಕನಿಷ್ಠ ಶೇ. 33 ಇರಬೇಕು, ಅಂದರೆ 182 ಮರ. 150 ಮರ ಬಿದ್ದರೆ ಶೇ. 27, ಒಂದು ರೂಪಾಯಿಯೂ ಇಲ್ಲ. ಅಷ್ಟಿದ್ದರೆ 2022–26ರ ದರದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂ., ಎಕರೆಗೆ ಸುಮಾರು 9,100. ಮಿತಿ ಎರಡು ಹೆಕ್ಟೇರು. ಇದು ನಷ್ಟದ ಬೆಲೆಯಲ್ಲ, ಮತ್ತೆ ಕೃಷಿಗಿಳಿಯಲು ಕೊಡುವ ಇನ್‌ಪುಟ್ ಸಬ್ಸಿಡಿ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಕೊನೆಗೆ ಬೈಗುಳ ತಿನ್ನುವವರು ಗ್ರಾಮ ಆಡಳಿತ ಅಧಿಕಾರಿ.

ಈ ಪಾಲು ಲೆಕ್ಕ ಹೊಸತೇನಲ್ಲ. ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಆ ಆಡಳಿತದ ಆಣೆವಾರಿಯಲ್ಲಿ ಪೂರ್ಣ ಬೆಳೆ ಎಂದರೆ 16 ಆಣೆ. ಎಷ್ಟು ಆಣೆ ಬೆಳೆ ಕೈಗೆ ಬಂತು ಎಂದು ಅಂದಾಜಿಸಿ, ತೀರಾ ಕಡಿಮೆಯಿದ್ದರೆ ಕಂದಾಯ ವಸೂಲಿ ಮುಂದೂಡುತ್ತಿದ್ದರು. ಸ್ವಾತಂತ್ರ್ಯದ ನಂತರ ಆಣೆ ಹೋಗಿ ಶೇಕಡಾ ಬಂತು, ಯೋಚನೆ ಅದೇ ಉಳಿಯಿತು. 2015ರವರೆಗೆ ಶೇ. 50 ಹಾನಿಯಾಗಬೇಕಿತ್ತು, ಆ ವರ್ಷ 33ಕ್ಕೆ ಇಳಿಸಿದರು.

ಅಮೆರಿಕದಲ್ಲಿ ಹರಿಕೇನ್‌ಗೆ ಕ್ರಮ ತಿರುವುಮುರುವು. 1988ರ ಸ್ಟ್ಯಾಫರ್ಡ್ ಕಾಯ್ದೆಯಂತೆ ರಾಜ್ಯಪಾಲರು ಕೇಳಬೇಕು, ಅಧ್ಯಕ್ಷರು ಘೋಷಿಸಬೇಕು, ಆಮೇಲೆ ಕೌಂಟಿಗಳ (ನಮ್ಮ ಜಿಲ್ಲೆಯಂಥ ಘಟಕಗಳ) ಪಟ್ಟಿ. ಪಟ್ಟಿಗೆ ಸೇರಿದ ಕೌಂಟಿಯವರು ಅರ್ಜಿ ಹಾಕಬಹುದು; ಗಡಿಯಾಚೆ ಅಷ್ಟೇ ಚಾವಣಿ ಹಾರಿದವರು ಹಾಕುವಂತಿಲ್ಲ. ನಮ್ಮದು ನಿಧಾನವಾದರೂ ಗಾಳಿಯ ಸ್ವಭಾವಕ್ಕೆ ಹೆಚ್ಚು ಹತ್ತಿರ. ಅಂದಹಾಗೆ 'ರಾಷ್ಟ್ರೀಯ ವಿಪತ್ತು' ಎಂಬ ಘೋಷಣೆಗೆ ನಮ್ಮ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಅವಕಾಶವೇ ಇಲ್ಲ. ಭಾಷಣಕ್ಕೆ ಚೆಂದ, ಅಷ್ಟೆ.

ಇನ್ನು ಮನೆ. ಭಾಗಶಃ ಹಾನಿ ಕನಿಷ್ಠ ಶೇ. 15 ಇರಬೇಕು. 2022–26ರ ದರದಲ್ಲಿ ಕಚ್ಚಾ ಮನೆಗೆ 4,000 ರೂ., ಪಕ್ಕಾ ಮನೆಗೆ 6,500, ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದರೆ 1.20 ಲಕ್ಷ. ರಾಜ್ಯ ತನ್ನ ಪಾಲು ಸೇರಿಸುವುದುಂಟು. 2019ರ ನೆರೆಯಲ್ಲಿ ಶೇ. 75 ಮೀರಿದರೆ ಎ, 25–75 ಬಿ, 15–25 ಸಿ ಎಂದು ವಿಂಗಡಿಸಿತ್ತು. ಸಮೀಕ್ಷೆಯ ದಿನ ಹೆಂಚು ಮಾತ್ರ ಹಾರಿದ್ದ ಮಣ್ಣಿನ ಮನೆಗೆ ಎಂಜಿನಿಯರ್ ಶೇ. 12 ಎಂದು ಬರೆದುಹೋಗುತ್ತಾರೆ. ಗೋಡೆ ನೀರು ಕುಡಿದು ನಾಲ್ಕು ದಿನದ ಮೇಲೆ ಕುಸಿಯುತ್ತದೆ. ಆಗ ಹೊಸ ಫೋಟೊ ಜೊತೆಗೆ ತಹಶೀಲ್ದಾರರಿಗೆ ಮರುಪರಿಶೀಲನೆಯ ಅರ್ಜಿ ಕೊಡಲೇಬೇಕು. ಅಧಿಕೃತ ಕಟ್ಟಡವೆಂದು ದೃಢೀಕರಣವಾಗಬೇಕು ಎಂಬ ಷರತ್ತೂ ಇದೆ. ಹಕ್ಕುಪತ್ರವಿಲ್ಲದೆ ಕಡಲಂಚಿನಲ್ಲಿ ಕಟ್ಟಿಕೊಂಡ ಮೀನುಗಾರರ ಮನೆಗಳು ಸಿಕ್ಕಿಬೀಳುವುದು ಇದರಲ್ಲೇ.

ತೋಟದವರಿಗೆ ತೊಡಕು ಪಹಣಿಯದು. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ, ಬೆಳೆ ಸಮೀಕ್ಷೆಯಲ್ಲಿ ಅಡಿಕೆಯ ಬದಲು ಭತ್ತ ನಮೂದಾಗಿದ್ದರೆ, ಆಧಾರ್ ಬೇರೆ ಬ್ಯಾಂಕಿಗೆ ಜೋಡಣೆಯಾಗಿದ್ದರೆ ಹಣ ತಡೆಯಾಗುತ್ತದೆ. ಬಿದ್ದ ಮರಗಳನ್ನು ಪಂಚನಾಮೆಗೆ ಮೊದಲೇ ತುಂಡರಿಸಿ ಸಾಗಿಸಿದರೆ ಎಣಿಕೆಗೆ ಉಳಿಯುವುದು ಬುಡ ಮಾತ್ರ, ಬುಡಸಮೇತ ಕಿತ್ತದ್ದಾದರೆ ಅದೂ ಇಲ್ಲ.