ಹೊಳೆಗಳಿಗೆಲ್ಲ ಅಡ್ಡವಾಗಿ ಹೋದ ಹಳಿ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೀತಾ, ಸ್ವರ್ಣಾ. ಕರಾವಳಿಯ ಈ ಹೊಳೆಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತವೆ. ಎರಡು ಹೊಳೆಗಳ ನಡುವೆ ಘಟ್ಟದಿಂದ ಕಡಲಿನತ್ತ ಚಾಚಿಕೊಂಡ ಗುಡ್ಡಸಾಲು ಇದ್ದೇ ಇರುತ್ತದೆ. ಕೊಂಕಣ ರೈಲು ಮಾರ್ಗ ಸಾಗುವುದು ಉತ್ತರದಿಂದ ದಕ್ಷಿಣಕ್ಕೆ. ಹಾಗಾಗಿ ಅದಕ್ಕೆ ಎದುರಾಗದ ಹೊಳೆಯಿಲ್ಲ, ಅಡ್ಡ ಬರದ ಗುಡ್ಡವಿಲ್ಲ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಪಕ್ಕದ ತೋಕೂರಿನವರೆಗೆ ಸುಮಾರು 740 ಕಿ.ಮೀ. ದಾರಿಯಲ್ಲಿ ಚಿಕ್ಕವು ದೊಡ್ಡವು ಸೇರಿ 2,000ದಷ್ಟು ಸೇತುವೆಗಳಿವೆ, ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ಸುರಂಗಗಳನ್ನು ಸಾಲಾಗಿ ಜೋಡಿಸಿದರೆ 84 ಕಿ.ಮೀ. ಆದೀತು. ಈ ಮಾರ್ಗದ ಖರ್ಚು, ವಿಳಂಬ, ಅಪಘಾತ, ಮಳೆಗಾಲದ ನಿಧಾನ, ಎಲ್ಲದರ ಬೇರು ಈ ಅಡ್ಡ ಹಾಯುವಿಕೆಯಲ್ಲೇ ಇದೆ.

ಮುಂಬೈಗೆ 1853ರಲ್ಲೇ ರೈಲು ಬಂದಿತ್ತು. ಕೇರಳದ ಕಡೆಯಿಂದ ಮಂಗಳೂರಿಗೆ ಹಳಿ ತಲುಪಿದ್ದು 1907ರಲ್ಲಿ. ನಡುವಿನ ಕರಾವಳಿ ಮಾತ್ರ ಇನ್ನೂ ಒಂಬತ್ತು ದಶಕ ಖಾಲಿಯೇ ಉಳಿಯಿತು. ಮುಂಬೈನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಉಡುಪಿ, ಕುಂದಾಪುರದ ಹುಡುಗರು ಊರಿಗೆ ಬರಲು ಬಸ್ಸನ್ನೇ ನಂಬಬೇಕಿತ್ತು. ರೈಲಿನಲ್ಲೇ ಹೋಗುವುದಾದರೆ ಮಂಗಳೂರು–ಮುಂಬೈ ದಾರಿ ಸುತ್ತು ಬಳಸಿ 2,000 ಕಿ.ಮೀ. ಮೀರುತ್ತಿತ್ತು. ಕೊಂಕಣ ಮಾರ್ಗ ಅದನ್ನು 914 ಕಿ.ಮೀ.ಗೆ ಇಳಿಸಿತು.

ಬೇಡಿಕೆ ಹಳೆಯದು, ಹಣವಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1989ರ ಕೊನೆಯಲ್ಲಿ ರೈಲ್ವೆ ಮಂತ್ರಿಯಾದರು, ಕೊಂಕಣದ ರಾಜಾಪುರ ಕ್ಷೇತ್ರದ ಮಧು ದಂಡವತೆ ಹಣಕಾಸು ಮಂತ್ರಿಯಾದರು. ರೈಲ್ವೆ ಬಜೆಟ್ಟನ್ನು ಕಾಯುತ್ತ ಕೂರದೆ ಪ್ರತ್ಯೇಕ ನಿಗಮ ಕಟ್ಟುವುದು, ಬಾಂಡ್ ಮೂಲಕ ಸಾಲ ಎತ್ತುವುದು ಎಂದಾಯಿತು. ಕೇಂದ್ರದ ಪಾಲು 51 ಶೇಕಡಾ, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. 1990ರ ಜುಲೈನಲ್ಲಿ ನಿಗಮ ಹುಟ್ಟಿತು, ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಅವರು ಇಡೀ ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ಹೊಣೆ ಮಾಡಿದರು. ನಮ್ಮ ಕಡೆ ಕಾರವಾರ ಒಂದು ವಿಭಾಗ, ಉಡುಪಿ ಇನ್ನೊಂದು.

ಶುರುವಿನಲ್ಲೇ ಆದ ಒಂದು ತಾಂತ್ರಿಕ ತೀರ್ಮಾನ ಈ ಮಾರ್ಗದ ಸ್ವಭಾವವನ್ನೇ ನಿರ್ಧರಿಸಿತು. ಏರು 150ಕ್ಕೆ 1ನ್ನು ಮೀರಬಾರದು, ಅಂದರೆ 150 ಮೀಟರ್ ಮುಂದೆ ಹೋದಾಗ ಒಂದು ಮೀಟರಿಗಿಂತ ಹೆಚ್ಚು ಹತ್ತಬಾರದು. ತಿರುವುಗಳೂ ಬಹಳ ವಿಶಾಲವಾಗಿರಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಏರು 50ಕ್ಕೆ 1. ಸಾವಿರ ಟನ್ ತೂಕದ ರೈಲು ಅಲ್ಲಿ ಹತ್ತುವಾಗ ಸುಮಾರು 20 ಟನ್ ತೂಕ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಕೊಂಕಣ ಮಾರ್ಗದಲ್ಲಿ ಈ ಎಳೆತ ಏಳು ಟನ್ನಿಗೂ ಕಡಿಮೆ. ಘಾಟಿಯಲ್ಲಿ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಬೇಕಾದರೆ, ಇಲ್ಲಿ ಒಂದೇ ಎಂಜಿನ್ ಸಲೀಸಾಗಿ ಓಡುತ್ತದೆ. ಆದರೆ ಸಪಾಟಾದ, ನೇರವಾದ ದಾರಿ ಬೇಕೆಂದ ಮೇಲೆ ಗುಡ್ಡವನ್ನು ಬಳಸಿ ಹೋಗುವ ಹಾಗಿಲ್ಲ. ಅದನ್ನು ಕೊರೆಯಬೇಕು ಇಲ್ಲವೇ ಸೀಳಬೇಕು. ಸೀಳಿದ ಗುಡ್ಡದ ಎರಡೂ ಬದಿಯ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ಮುಂದೆ ಪ್ರತಿ ಮಳೆಗಾಲದಲ್ಲೂ ಬಾಯಿ ತೆರೆದು ನಿಲ್ಲುತ್ತದೆ.

ರತ್ನಾಗಿರಿಯ ಸುತ್ತಮುತ್ತ ಇರುವುದು ಗಟ್ಟಿ ಕಪ್ಪುಶಿಲೆ. ಅಲ್ಲಿನ ಕರಬುಡೆ ಸುರಂಗ 6.5 ಕಿ.ಮೀ. ಉದ್ದವಿದ್ದು ಈ ಮಾರ್ಗದಲ್ಲೇ ಅತಿ ಉದ್ದದ್ದು. ಅದನ್ನು ಕೊರೆಯುವುದು ಕಷ್ಟವಾದರೂ ಕೊರೆದದ್ದು ನಿಲ್ಲುತ್ತಿತ್ತು. ಎಂಜಿನಿಯರುಗಳನ್ನು ಕಂಗೆಡಿಸಿದ್ದು ಮೆತ್ತನೆಯ ಮಣ್ಣು. ಕರಾವಳಿಯಲ್ಲಿ ಬಾವಿ ತೋಡಿದವರಿಗೆ ಇದು ಗೊತ್ತು. ಮೇಲೆ ಮುರಕಲ್ಲು ಸಿಗುತ್ತದೆ, ಅದರ ಕೆಳಗೆ ಬಿಳಿ, ಹಳದಿ, ತಿಳಿಗುಲಾಬಿ ಛಾಯೆಯ ನುಣುಪಾದ ಶೇಡಿ ಮಣ್ಣು. ಲಕ್ಷಾಂತರ ವರ್ಷ ಮಳೆನೀರು ಬಂಡೆಯೊಳಗೆ ಇಳಿದು ಕರಗುವುದನ್ನೆಲ್ಲ ಕರಗಿಸಿ ಒಯ್ದಿದೆ. ಮೇಲುಗಡೆ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಮುರಕಲ್ಲಾಯಿತು. ಅಡಿಯಲ್ಲಿ ಅರ್ಧ ಕೊಳೆತ ಬಂಡೆ ಶೇಡಿಯಾಯಿತು. ಒಣಗಿದಾಗ ಅದು ಎಷ್ಟು ಗಟ್ಟಿಯೆಂದರೆ ನೆಟ್ಟಗೆ ಕಡಿದರೂ ಗೋಡೆಯಂತೆ ನಿಂತಿರುತ್ತದೆ. ನೀರು ಕುಡಿಯಿತೋ, ಅಂಬಲಿ. ಕಣಗಳ ನಡುವೆ ತುಂಬಿದ ನೀರಿನ ಒತ್ತಡ ಅವನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಘರ್ಷಣೆಯ ಹಿಡಿತ ತಪ್ಪುತ್ತದೆ, ಮೇಲಿನ ಮುರಕಲ್ಲಿನ ಭಾರಕ್ಕೆ ಇಡೀ ಧರೆ ಜಾರಿಬಿಡುತ್ತದೆ.

ಗೋವಾದ ಪೆರ್ನೆಂ ಸುರಂಗದಲ್ಲಿ ಸಿಕ್ಕಿದ್ದೂ ಹೀಗೇ ನೀರು ತುಂಬಿದ ಮಣ್ಣು. ಸ್ವಲ್ಪ ಕೊರೆದು ತಕ್ಷಣ ಕಮಾನು ಕೊಟ್ಟು ಆನಿಸಬೇಕು, ಆನಿಸುವುದರೊಳಗೆ ಕುಸಿದರೆ ಮತ್ತೆ ಮಣ್ಣು ಹೊರಬೇಕು. ಒಂದೂವರೆ ಕಿಲೋಮೀಟರಿನ ಈ ಸುರಂಗಕ್ಕಾಗಿ ಇಡೀ ಮಾರ್ಗವೇ ಕಾಯಬೇಕಾಯಿತು. ಮಂಗಳೂರು–ಉಡುಪಿ ನಡುವೆ 1993ರ ಮಾರ್ಚ್‌ನಲ್ಲೇ ರೈಲು ಓಡತೊಡಗಿದ್ದರೂ ಪೂರ್ತಿ ಹಳಿ ಕೂಡಿದ್ದು 1998ರ ಜನವರಿಯಲ್ಲಿ. ಪೆರ್ನೆಂ ಇಂದಿಗೂ ಪಳಗಿಲ್ಲ. 2020ರ ಆಗಸ್ಟ್‌ನಲ್ಲಿ ಒಳಗೋಡೆ ಕುಸಿಯಿತು, 2024ರ ಜುಲೈನಲ್ಲಿ ನೀರು ಉಕ್ಕಿ ಸಂಚಾರ ನಿಂತಿತು.

ಸೇತುವೆಗಳ ಕತೆ ಬೇರೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನದು ಎರಡು ಕಿ.ಮೀ.ಗಿಂತ ಉದ್ದ. ರತ್ನಾಗಿರಿ ಬಳಿಯ ಪಾನವಳ ಕಣಿವೆಯಲ್ಲಿ ಎತ್ತರವೇ ಸವಾಲಾಗಿತ್ತು, 64 ಮೀಟರ್. ತಳದಿಂದ ಸಾರುವೆ ಕಟ್ಟುವುದು ಅಸಾಧ್ಯ. ಹಾಗಾಗಿ ದಂಡೆಯ ಮೇಲೆಯೇ ಕಾಂಕ್ರೀಟಿನ ತೊಲೆಯನ್ನು ತುಂಡು ತುಂಡಾಗಿ ಎರೆದು, ಜ್ಯಾಕ್‌ಗಳಿಂದ ಕಂಬಗಳ ನೆತ್ತಿಯ ಮೇಲೆ ಮುಂದೆ ಮುಂದೆ ತಳ್ಳುತ್ತ ಹೋದರು. ಮುಂದಿನ ಕಂಬ ಸಿಗುವವರೆಗೆ ಗಾಳಿಯಲ್ಲಿ ಚಾಚಿದ ತುದಿ ಬಾಗಬಾರದೆಂದು ಮೊದಲಿಗೆ ಹಗುರವಾದ ಉಕ್ಕಿನ ಮೂತಿ ಜೋಡಿಸಿದ್ದರು. ಹೀಗೆ 424 ಮೀಟರ್ ಸೇತುವೆ ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗಿ ಮುಟ್ಟಿತು.

ಮಾರ್ಗ ತೆರೆದ ಐದೇ ವರ್ಷಕ್ಕೆ ಧರೆ ತನ್ನ ಲೆಕ್ಕ ಕೇಳಿತು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಕುಸಿದ ಧರೆಗೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನ್ 16ರಂದು ಕರಂಜಾಡಿ ಹತ್ತಿರ ಬಂಡೆ ಬಿದ್ದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಳಿ ತಪ್ಪಿತು, ಮತ್ತೆ ಜೀವಗಳು ಹೋದವು. ಆಮೇಲೆ ಧರೆಗಳ ಇಳಿಜಾರು ತಗ್ಗಿಸಿದರು, ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿದರು, ತಡೆಗೋಡೆ ಕಟ್ಟಿದರು, ಮಣ್ಣು ಹಿಡಿದಿಡಲು ಲಾವಂಚ ನೆಟ್ಟರು. ಶರಾವತಿ, ಮಾಂಡವಿ, ಜುವಾರಿ ಸೇತುವೆಗಳಲ್ಲೂ ಪಾನವಳದಲ್ಲೂ ಗಾಳಿಯ ವೇಗ ಅಳೆಯುವ ಉಪಕರಣ ಕೂತಿತು. ಮಳೆಗಾಲ ಬಂತೆಂದರೆ ಗಸ್ತಿನವರು ಹಗಲೂ ರಾತ್ರಿ ಹಳಿಯ ಮೇಲೆ ನಡೆಯುತ್ತಾರೆ. ಅಪಾಯಕಾರಿ ಧರೆಗಳ ಬುಡದಲ್ಲಿ ಕಾವಲುಗಾರರೂ ಕೂತಿರುತ್ತಾರೆ.

ಇವೆಲ್ಲಕ್ಕಿಂತ ಒಳ್ಳೆಯ ಉಪಾಯ, ನನ್ನ ಮಟ್ಟಿಗೆ, ಜನ ಅತಿ ಹೆಚ್ಚು ಗೊಣಗುವ ಮಳೆಗಾಲದ ವೇಳಾಪಟ್ಟಿಯೇ. ಬಹುಕಾಲ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇತ್ತು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಕಿರಿದಾಯಿತು. ಮಳೆ ಜೋರಾಗಿ ದಾರಿ ಕಾಣದಾದಾಗ ಲೋಕೊ ಪೈಲಟ್ 40 ಕಿ.ಮೀ. ವೇಗ ಮೀರುವಂತಿಲ್ಲ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಗಂಟೆಗೆ 120 ಕಿ.ಮೀ. ಓಡುವ ರೈಲಿನ ವೇಗ 40ಕ್ಕೆ ಇಳಿದರೆ ಅದರ ಶಕ್ತಿ ಒಂಬತ್ತರಲ್ಲಿ ಒಂದು ಪಾಲಾಗುತ್ತದೆ, ಬ್ರೇಕ್ ಹಾಕಿದ ಮೇಲೆ ಸಾಗುವ ದೂರವೂ ಹೆಚ್ಚುಕಡಿಮೆ ಅಷ್ಟೇ ಪಾಲು. ಒಂದು ಕಿಲೋಮೀಟರ್ ಬೇಕಾದ ಕಡೆ ನೂರಿಪ್ಪತ್ತು ಮೀಟರ್ ಸಾಕು. ಹೆಡ್‌ಲೈಟಿನ ಬೆಳಕಿನಲ್ಲಿ ಹಳಿಯ ಮೇಲಿನ ಬಂಡೆ ಕಂಡ ಚಾಲಕನಿಗೆ ಬೇಕಾದದ್ದು ಆ ವ್ಯತ್ಯಾಸ. ಮಂಗಳೂರಿಗೆ ಎರಡು ಗಂಟೆ ತಡವಾಗಿ ತಲುಪುವುದನ್ನು ನಾವು ಒಪ್ಪಿಕೊಳ್ಳಲೇಬೇಕು.

ಮಳೆಯಿಲ್ಲದಾಗಲೂ ತಡವಾಗುವುದಕ್ಕೆ ಕಾರಣ ಬೇರೆ: ಒಂಟಿ ಹಳಿ. ಎದುರಿನಿಂದ ಬರುವ ಗಾಡಿ ನಿಲ್ದಾಣ ತಲುಪುವವರೆಗೆ ಈ ಗಾಡಿ ಕ್ರಾಸಿಂಗ್‌ಗೆ ಕಾಯಬೇಕು. ಎಷ್ಟು ರೈಲು ಓಡಿಸಬಹುದು ಎಂಬುದನ್ನು ನಿರ್ಧರಿಸುವುದು ಎರಡು ಕ್ರಾಸಿಂಗ್ ನಿಲ್ದಾಣಗಳ ನಡುವಿನ ಅತಿ ಉದ್ದದ ತುಣುಕು. ಅದಕ್ಕೇ ಮಿರ್ಜಾನ್, ಇನ್ನಂಜೆಯಂಥ ಪುಟ್ಟ ನಿಲ್ದಾಣಗಳಲ್ಲೂ ಹೆಚ್ಚುವರಿ ಹಳಿ ಹಾಕಿದ್ದು. ಇದೇ ಒಂಟಿ ಹಳಿಯ ಮೇಲೆ ಮತ್ಸ್ಯಗಂಧ, ನೇತ್ರಾವತಿ, ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ, 2023ರ ಡಿಸೆಂಬರ್‌ನಲ್ಲಿ ಬಂದ ಮಂಗಳೂರು–ಮಡಗಾಂವ್ ವಂದೇ ಭಾರತ್, ಊರೂರಿಗೆ ನಿಲ್ಲುವ ಪ್ಯಾಸೆಂಜರ್, ಸರಕು ಗಾಡಿ ಎಲ್ಲವೂ ಓಡಬೇಕು. 1999ರಿಂದ ರೋರೋ ಸೇವೆಯೂ ಇದೆ: ಸರಕು ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್‌ಗಳ ಮೇಲೆ ಹತ್ತಿಸಿ ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೊಲಾಡ್‌ವರೆಗೆ ಒಯ್ಯುತ್ತಾರೆ. ಡೀಸೆಲ್ ಉಳಿಯುತ್ತದೆ, ಹೆದ್ದಾರಿಯೂ ಉಸಿರಾಡುತ್ತದೆ.

2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣಗೊಂಡು ಸುರಂಗಗಳ ಡೀಸೆಲ್ ಹೊಗೆ ಕಡಿಮೆಯಾಯಿತು. ಜೋಡಿ ಹಳಿ ಮಾತ್ರ ರೋಹಾ–ವೀರ್ ನಡುವಿನ 47 ಕಿ.ಮೀ.ಗೇ ನಿಂತಿದೆ. ಇಡೀ ಮಾರ್ಗಕ್ಕೆ ಎರಡನೇ ಹಳಿ ಹಾಕುವುದೆಂದರೆ ತೊಂಬತ್ತು ಸುರಂಗ ಮತ್ತೊಮ್ಮೆ ಕೊರೆದಂತೆ, ಅದಕ್ಕೆ ಹಣ ಹೊಂದಿಸುವುದು ಸುಲಭವಲ್ಲ. ಆದರೆ ಕುಂದಾಪುರದಿಂದ ತೋಕೂರಿನವರೆಗಿನ ನೆಲ ಹೋಲಿಕೆಯಲ್ಲಿ ಸಪಾಟು. ಕಾಲೇಜು, ಆಸ್ಪತ್ರೆ, ಕಚೇರಿಗೆಂದು ಉಡುಪಿ, ಮಂಗಳೂರಿಗೆ ದಿನಾ ಓಡಾಡುವ ಜನ ಇರುವುದೂ ಅಲ್ಲೇ. ಕರ್ನಾಟಕ ತನ್ನ ಪಾಲಿನ ಹಕ್ಕಿನಿಂದ ಮೊದಲು ಕೇಳಬೇಕಾದದ್ದು ಆ ತುಣುಕಿನ ಜೋಡಿ ಹಳಿಯನ್ನು.