ಸುಮ್ನೆ ಮಲಗಿದ್ದ ನಾಯಿ ಯಾಕೆ ತೇಕುತ್ತಿದೆ?

ನಾಯಿ ತೇಕುವುದು ಸಹಜ ಅಂತ ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದೂ ಅಲ್ಲೇ. "ಬೆಳಿಗ್ಗೆಯಿಂದ ತೇಕ್ತಾ ಇತ್ತು ಡಾಕ್ಟ್ರೇ, ಸೆಕೆಗೆ ಇರಬೇಕು ಅಂದ್ಕೊಂಡ್ವಿ" ಎನ್ನುವ ಮಾತನ್ನು ತಡವಾಗಿ ಬಂದವರ ಬಾಯಲ್ಲೇ ನಾನು ಜಾಸ್ತಿ ಕೇಳುತ್ತೇನೆ. ಓಡಿ ಬಂದ ನಾಯಿ ತೇಕಲಿ, ಬಿಸಿಲಿಂದ ಬಂದದ್ದು ತೇಕಲಿ, ಗುಡುಗಿಗೆ ಹೆದರಿದ್ದೂ ತೇಕಲಿ. ಕಾರಣ ಕಣ್ಣೆದುರೇ ಇದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ತಂಪಾದ ಕೋಣೆಯಲ್ಲಿ ಸುಮ್ನೆ ಮಲಗಿದ್ದ ನಾಯಿ ತೇಕುತ್ತಿದ್ದರೆ ಮಾತ್ರ ಎದ್ದು ಹೋಗಿ ನೋಡಿ.

ನಮ್ಮ ಹಾಗೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲು ಸ್ವಲ್ಪ ಬೆವರುತ್ತದೆ, ಅಷ್ಟರಿಂದ ಮೈ ತಣ್ಣಗಾಗದು. ಮೂಗು, ನಾಲಿಗೆ, ಗಂಟಲಿನ ಪಸೆ ಆವಿಯಾಗುವಾಗ ಮೈಯ ಶಾಖವೂ ಜೊತೆಗೆ ಹೋಗುತ್ತದೆ. ಅದಕ್ಕಾಗಿಯೇ ನಿಮಿಷಕ್ಕೆ 200–300 ಸಲ ಚಿಕ್ಕ ಚಿಕ್ಕ ಉಸಿರು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಈ ಉಪಾಯ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಮೋಡ ಮುಚ್ಚಿದ ದಿನವೂ ನಾಯಿಗೆ ಶಾಖಾಘಾತ ಆಗಬಹುದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ, ದಪ್ಪಗಿರುವ ನಾಯಿಗಳಿಗೆ ಅಪಾಯ ಇನ್ನೂ ಹೆಚ್ಚು. ಬಾಯಿಗೆ ಬಿಗಿಯಾಗಿ ಬಟ್ಟೆಯ ಮೂತಿಪಟ್ಟಿ ಕಟ್ಟಿ ಬಿಸಿಲಲ್ಲಿ ನಡೆಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮೈ ತಣ್ಣಗೆ ಮಾಡಿಕೊಳ್ಳಲು ಅದಕ್ಕಿರುವ ದಾರಿಯನ್ನೇ ಮುಚ್ಚಿದ ಹಾಗಾಯಿತು, ಅಲ್ವಾ?

ನಾಯಿ ತೇಕುವಾಗ ಮೇಲ್ತುಟಿ ಎತ್ತಿ ಒಸಡು ನೋಡಿ. ಕಪ್ಪು ಮಚ್ಚೆ ಇಲ್ಲದ ಕಡೆ ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡು ಇಟ್ಟಿಗೆಯಷ್ಟು ಕೆಂಪಾಗಿದೆ, ಜೊಲ್ಲು ಅಂಟಂಟಾಗಿದೆ, ನಡೆದರೆ ತೂರಾಡುತ್ತಿದೆ ಅಂದರೆ ಅದು ಶಾಖಾಘಾತ ಅಂತಲೇ ತಿಳಿಯಿರಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106ರ ಹತ್ತಿರ ಹೋದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ.

ಆಗ ಆಸ್ಪತ್ರೆಗೆ ಓಡುವ ಮೊದಲೇ ತಣ್ಣಗೆ ಮಾಡಲು ಶುರು ಮಾಡಿ. ನೆರಳಿಗೆ ತನ್ನಿ. ನಲ್ಲಿ ನೀರನ್ನು ಹೊಟ್ಟೆ, ಕಂಕುಳು, ತೊಡೆಸಂದಿಗೆ ಚೆನ್ನಾಗಿ ಸುರಿಯಿರಿ. ಕೂದಲು ದಟ್ಟವಾಗಿದ್ದರೆ ಚರ್ಮದವರೆಗೆ ನೀರು ಇಳಿಯಬೇಕು, ಕೈಯಿಂದ ಬಿಡಿಸಿ ಹಾಕಿ. ಜೊತೆಗೆ ಫ್ಯಾನ್ ಇರಲಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ. ಅದೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿಯುತ್ತದೆ. ಕುಡಿಯಲು ನೀರು ಮುಂದಿಡಿ, ಬಾಯಿಗೆ ಹೊಯ್ಯಬೇಡಿ. ಥರ್ಮಾಮೀಟರ್ ಇದ್ದರೆ 103ಕ್ಕೆ ಇಳಿದಾಗ ನೀರು ನಿಲ್ಲಿಸಿ, ಸುರಿಯುತ್ತಲೇ ಇದ್ದರೆ ಮೈ ತುಂಬಾ ತಣ್ಣಗಾಗಿಬಿಡುತ್ತದೆ. ನಾಯಿ ಎದ್ದು ಬಾಲ ಆಡಿಸಿದರೂ ಡಾಕ್ಟರ್ ಹತ್ತಿರ ಹೋಗಲೇಬೇಕು. ಮೂತ್ರಪಿಂಡಕ್ಕೆ ಬಿದ್ದ ಪೆಟ್ಟು, ರಕ್ತ ಹೆಪ್ಪುಗಟ್ಟದ ತೊಂದರೆ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು.

ಒಂದು ಮಾತು ಕೈಮುಗಿದು ಹೇಳುತ್ತೇನೆ: ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಶಾಖಾಘಾತದ ಬಿಸಿ ಅದರಿಂದ ಇಳಿಯುವುದಿಲ್ಲ. ಮನೆಯಲ್ಲಿ ಅಂದಾಜಿನ ಮೇಲೆ ಕೊಟ್ಟ ಮಾತ್ರೆ ನಾಯಿಗೆ ವಿಷವಾಗಬಹುದು.

ಸೆಕೆಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ನೋವಿದ್ದರೆ ನಾಯಿ ಕೂಗಲೇಬೇಕು ಅಂತಿಲ್ಲ, ರಾತ್ರಿಯೆಲ್ಲ ತೇಕುತ್ತಾ ಜಾಗ ಬದಲಿಸುತ್ತಿರುತ್ತದೆ. ಒಸಡು ಬೆಳ್ಳಗಿದ್ದರೆ ರಕ್ತ ಕಮ್ಮಿಯಾಗಿರಬಹುದು, ಉಣ್ಣೆ ಕಚ್ಚಿ ಬರುವ ಜ್ವರ ಅದಕ್ಕೊಂದು ಕಾರಣ. ವಯಸ್ಸಾದ ಲ್ಯಾಬ್ರಡಾರ್ ಗೊರಗೊರ ಸದ್ದು ಮಾಡುತ್ತಾ ತೇಕಿ, ಬೊಗಳುವ ದನಿಯೂ ಬದಲಾಗಿದ್ದರೆ ಗಂಟಲಿನ ಧ್ವನಿಪೆಟ್ಟಿಗೆಯನ್ನು ಪರೀಕ್ಷಿಸಬೇಕು. ವಿಪರೀತ ನೀರು ಕುಡಿದು, ಪದೇ ಪದೇ ಮೂತ್ರ ಮಾಡಿ, ಹೊಟ್ಟೆ ಜೋತುಬಿದ್ದಿದ್ದರೆ ಕುಶಿಂಗ್ಸ್ ಎಂಬ ಹಾರ್ಮೋನ್ ಕಾಯಿಲೆಯ ಅನುಮಾನ. ಸ್ಟೀರಾಯ್ಡ್ ಮಾತ್ರೆಯಿಂದಲೂ ತೇಕುವುದು ಹೆಚ್ಚುತ್ತದೆ.

ಕೆಲವಕ್ಕೆ ಬೆಳಗಾಗುವವರೆಗೂ ಕಾಯಬಾರದು. ಒಸಡು ನೀಲಿಯಾಗಿದ್ದರೆ ಆ ಕ್ಷಣವೇ ಹೊರಡಿ. ಹೊಟ್ಟೆ ಉಬ್ಬಿ, ವಾಂತಿಗೆ ಒತ್ತರಿಸಿಯೂ ಏನೂ ಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಮರಿಗಳಿಗೆ ಹಾಲೂಡಿಸುತ್ತಿರುವ ತಾಯಿ ತೇಕುತ್ತಾ ನಡುಗಿದರೆ ಕ್ಯಾಲ್ಸಿಯಂ ಕುಸಿದಿರಬಹುದು; ಮರಿಗಳನ್ನು ಬೇರೆ ಮಾಡಿ ಕರೆದುಕೊಂಡು ಹೋಗಿ.

ಹೃದಯದ ಕಾಯಿಲೆ ಮಾತ್ರ ಇಷ್ಟು ಗದ್ದಲ ಮಾಡದೆ ಬರುತ್ತದೆ. ಅದನ್ನು ಹಿಡಿಯಲು ಗಾಢವಾಗಿ ಮಲಗಿದ ನಾಯಿಯ ಎದೆ ನೋಡಿ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಆರೋಗ್ಯವಾಗಿದ್ದಾಗಲೇ ಕೆಲವು ರಾತ್ರಿ ಎಣಿಸಿ ಬರೆದಿಡಿ. ಮುಂದೆ ಆ ಸಂಖ್ಯೆ ಏರುತ್ತಾ ಹೋಗಿ 30 ದಾಟಿ ನಿಂತರೆ, ಕೆಮ್ಮು ಇಲ್ಲದಿದ್ದರೂ ತೋರಿಸಿ. ಬರುವಾಗ ಮನೆಯಲ್ಲೇ ತೆಗೆದ ಚಿಕ್ಕ ವಿಡಿಯೋ ತನ್ನಿ. ಕ್ಲಿನಿಕ್‌ನ ಮೇಜಿನ ಮೇಲೆ ಹೆದರಿಕೆಗೇ ಬಹಳಷ್ಟು ನಾಯಿಗಳು ತೇಕುತ್ತವೆ, ಅಲ್ಲಿ ಎಣಿಸಿದ ಉಸಿರು ನನಗೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ.