ಇಂಪೋರ್ಟ್: ಹೊರದೇಶದ ಲೀಗ್‌ಗಳಲ್ಲಿ ಆಡುವ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ

ಫಿಲಿಪ್ಪೀನ್ಸ್, ಚೀನಾ ಅಥವಾ ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ಸುದ್ದಿ ಓದಿದರೆ ‘ಇಂಪೋರ್ಟ್’ ಎಂಬ ಮಾತು ಪದೇ ಪದೇ ಸಿಗುತ್ತದೆ. ಈ ಸೀಸನ್‌ಗೆ ಅವರ ಇಂಪೋರ್ಟ್ ಯಾರು, ಇಂಪೋರ್ಟ್‌ಗೆ ಗಾಯವಾಗಿದೆ, ಇಂಪೋರ್ಟ್ ಬದಲಾದ. ಇಲ್ಲಿ ಇಂಪೋರ್ಟ್ ಅಂದರೆ ಸಾಮಾನಲ್ಲ, ಒಬ್ಬ ಮನುಷ್ಯ. ಒಂದು ದೇಶದ ತಂಡ ಹೊರದೇಶದಿಂದ ಕರೆಸಿ, ಸಂಬಳ ಕೊಟ್ಟು ಆಡಿಸುವ ಆಟಗಾರ. ನಿಯಮದ ಪ್ರಕಾರ ಅವನು ಯಾವ ದೇಶದವನಾದರೂ ಆಗಬಹುದು. ಆದರೆ ಜಾಸ್ತಿ ಜನ ಬರುವುದು ಅಮೆರಿಕದಿಂದಲೇ. ಯುರೋಪಿನಲ್ಲಿ ಇದೇ ಜನರನ್ನು ಸುಮ್ನೆ ‘ಅಮೆರಿಕನ್’ ಎಂದು ಕರೆಯುವುದೂ ಉಂಟು. ಕೆಲಸ ಒಂದೇ.

ಐಪಿಎಲ್ ನೋಡುವವರಿಗೆ ಇದು ಹೊಸದೇನಲ್ಲ. ಅಲ್ಲಿ ಆಡುವ ಹನ್ನೊಂದರಲ್ಲಿ ವಿದೇಶಿಯರು ನಾಲ್ವರಿಗಿಂತ ಜಾಸ್ತಿ ಇರುವಂತಿಲ್ಲ. ಆದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಗಳದಲ್ಲಿ ಇರುವುದೇ ಐದು ಜನ. ಐವರಲ್ಲಿ ಒಬ್ಬ ಹೊರಗಿನವನು, ಅದೂ ಹೆಚ್ಚುಕಡಿಮೆ ಇಡೀ ಪಂದ್ಯ ಆಡುವವನು, ಅಂದರೆ ಅವನ ಮೇಲೆ ಬೀಳುವ ಭಾರವೇ ಬೇರೆ. ಕ್ರಿಕೆಟ್‌ನಲ್ಲಿ ಒಬ್ಬ ವಿದೇಶಿ ಬ್ಯಾಟ್ಸ್‌ಮನ್ ಸೊನ್ನೆಗೆ ಔಟಾದರೂ ತಂಡ ಗೆಲ್ಲಬಹುದು. ಇಂಪೋರ್ಟ್ ಆಡದೆ ಹೋದ ದಿನ ಗೆಲ್ಲುವುದು ಬಹಳ ಕಷ್ಟ.

ಇಷ್ಟೊಂದು ಅಮೆರಿಕನ್ನರು ಯಾಕೆ ಊರು ಬಿಟ್ಟು ಹೋಗುತ್ತಾರೆ? ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 30 ತಂಡಗಳಿವೆ. ಒಂದೊಂದರಲ್ಲಿ 15 ಪೂರ್ಣ ಕರಾರಿನ ಜಾಗ. ಒಟ್ಟು 450. ಈ ಜಾಗಗಳಿಗೆ ಈಗ ಸೆರ್ಬಿಯಾ, ಗ್ರೀಸ್, ಸ್ಲೊವೇನಿಯಾ, ಕೆನಡಾದವರೂ ಪೈಪೋಟಿ ನಡೆಸುತ್ತಾರೆ. ಇತ್ತ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಮೇಲಿನ ದರ್ಜೆಯಲ್ಲೇ 350ಕ್ಕೂ ಹೆಚ್ಚು ಪುರುಷರ ತಂಡಗಳಿವೆ. ಅಂದರೆ ಆಟಗಾರರು ನಾಲ್ಕು ಸಾವಿರಕ್ಕೂ ಜಾಸ್ತಿ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ, ವರ್ಷಕ್ಕೊಮ್ಮೆ ನಡೆಯುವ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾಗುವವರು ಸುಮಾರು 60 ಜನ. ಉಳಿದವರಲ್ಲಿ ಎಷ್ಟೋ ಜನ ನಿಜಕ್ಕೂ ಒಳ್ಳೆಯ ಆಟಗಾರರು. ಅವರಿಗೆ ಆಟವೇ ಬದುಕು. ಆಗ ಏಜೆಂಟ್ ಫೋನ್ ಮಾಡಿ ಟರ್ಕಿಯಲ್ಲೋ ಲಿಥುವೇನಿಯಾದಲ್ಲೋ ಜಪಾನಿನಲ್ಲೋ ಒಂದು ಜಾಗ ಇದೆ ಅನ್ನುತ್ತಾನೆ. ಹೊರಟುಬಿಡುತ್ತಾರೆ.

ಹೊರದೇಶದಲ್ಲಿ ಆಡುವವನು ಎನ್‌ಬಿಎಯಲ್ಲಿ ಸೋತವನು ಎಂದು ಅನೇಕರು ಅಂದುಕೊಂಡಿದ್ದಾರೆ. ಇದು ತಪ್ಪು. ಕೈಲ್ ಹೈನ್ಸ್ ಅವರನ್ನೇ ನೋಡಿ. ನ್ಯೂಜೆರ್ಸಿಯ ಹುಡುಗ, ಎತ್ತರ 198 ಸೆಂಟಿಮೀಟರ್. ನಮಗೆ ಅದು ಬಹಳ ಎತ್ತರ, ಆದರೆ ಅವರು ಆಡುತ್ತಿದ್ದ ಸೆಂಟರ್ ಜಾಗಕ್ಕೆ, ಅಂದರೆ ಬುಟ್ಟಿಯ ಹತ್ತಿರ ನಿಂತು ಆಡುವವನ ಜಾಗಕ್ಕೆ, ಅದು ಕುಳ್ಳು. 2008ರಲ್ಲಿ ಯಾವ ಎನ್‌ಬಿಎ ತಂಡವೂ ಆರಿಸಲಿಲ್ಲ. ಇಟಲಿಯ ಎರಡನೇ ದರ್ಜೆಯ ಲೀಗ್‌ನಲ್ಲಿ ವೆರೊಲಿ ಎಂಬ ಸಣ್ಣ ಊರಿನ ತಂಡದಿಂದ ಶುರು ಮಾಡಿದರು. ಆಮೇಲೆ ಗ್ರೀಸ್‌ನ ಒಲಿಂಪಿಯಾಕೋಸ್ ಜೊತೆ 2012 ಮತ್ತು 2013ರಲ್ಲಿ, ರಷ್ಯಾದ ಸಿಎಸ್‌ಕೆಎ ಮಾಸ್ಕೋ ಜೊತೆ 2016 ಮತ್ತು 2019ರಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಯುರೋಲೀಗ್ ಗೆದ್ದರು. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೂ ಯುರೋಪಿನ ಬ್ಯಾಸ್ಕೆಟ್‌ಬಾಲ್ ಇತಿಹಾಸ ಬರೆಯುವವರು ಅವರನ್ನು ಬಿಟ್ಟು ಬರೆಯಲಾರರು.

ಇನ್ನು ಕರಾರಿನ ವಿಷಯ. ಹೊರದೇಶದ ಕರಾರಿನಲ್ಲಿ ಸಾಮಾನ್ಯವಾಗಿ ಸಂಬಳದ ಜೊತೆಗೆ ಮನೆ, ಓಡಾಡಲು ಕಾರು, ವಿಮಾನದ ಟಿಕೆಟ್ ಇರುತ್ತವೆ. ಎಷ್ಟೋ ಕಡೆ ತೆರಿಗೆಯನ್ನು ತಂಡವೇ ಕಟ್ಟುತ್ತದೆ. ಆಟಗಾರನಿಗೆ ಹೇಳಿದ ಮೊತ್ತ ಅಷ್ಟೂ ಕೈಗೆ ಬರಬೇಕು. ಬರಬೇಕು ಅನ್ನುವುದೇ ಇಲ್ಲಿ ಮುಖ್ಯ. ತಿಂಗಳುಗಟ್ಟಲೆ ಸಂಬಳ ಕೊಡದೆ ಸತಾಯಿಸುವ ತಂಡಗಳ ಕಥೆ ಈ ವೃತ್ತಿಯಲ್ಲಿ ಹಳೆಯದು. ಭಾಷೆ ಬಾರದ ಊರಿನಲ್ಲಿ, ಅಲ್ಲಿನ ಕೋರ್ಟಿನಲ್ಲಿ ಒಬ್ಬ ಆಟಗಾರ ಹೇಗೆ ಹೋರಾಡುತ್ತಾನೆ? ಅದಕ್ಕೇ ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 2007ರಲ್ಲಿ ಒಂದು ಪಂಚಾಯ್ತಿ ಮಂಡಳಿ ಶುರು ಮಾಡಿತು. ಈಗ ಅದರ ಹೆಸರು ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್. ಅದರ ತೀರ್ಪಿನಂತೆ ಹಣ ಕೊಡದ ತಂಡ ಹೊಸ ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳದಂತೆ ಫಿಬಾ ತಡೆಯಬಹುದು. ತಂಡಕ್ಕೆ ಬಿಸಿ ಮುಟ್ಟುವುದು ಅಲ್ಲೇ.

ಇಂಪೋರ್ಟ್‌ನ ಬದುಕಿನಲ್ಲಿ ಹಣಕ್ಕಿಂತ ದೊಡ್ಡ ಸಂಗತಿ ಒಂದಿದೆ. ಅವನು ಕಲಿಯಲು ಬಂದವನಲ್ಲ. ಬಂದ ದಿನದಿಂದಲೇ ಅಂಕ ಗಳಿಸಬೇಕು, ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡನ್ನು (ರೀಬೌಂಡ್) ಹಿಡಿಯಬೇಕು, ಕೊನೆಯ ನಿಮಿಷದಲ್ಲಿ ಚೆಂಡು ಅವನ ಕೈಯಲ್ಲೇ ಇರಬೇಕು. ತಂಡ ಮೂರು ಪಂದ್ಯ ಸೋತರೆ ಕೋಚ್‌ಗಿಂತ ಮೊದಲು ಮಾತು ಬರುವುದು ಅವನ ಮೇಲೆ. ಹೊಸಬ ವಿಮಾನ ಹತ್ತಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೂ ಹಳಬ ಇನ್ನೂ ಅಭ್ಯಾಸ ಮಾಡುತ್ತಿರಬಹುದು. ಸ್ಥಳೀಯ ಆಟಗಾರನಿಗೆ ಒಂದು ಕೆಟ್ಟ ತಿಂಗಳನ್ನು ಕ್ಷಮಿಸುತ್ತಾರೆ. ಇಂಪೋರ್ಟ್‌ಗೆ ಅಷ್ಟು ಸಮಯ ಸಿಗುವುದಿಲ್ಲ. ಈ ಕಠಿಣ ಕೆಲಸವನ್ನು ವರ್ಷಗಟ್ಟಲೆ ಮಾಡುವವರ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಹೊರಗಿನವರು ಎಷ್ಟು ಜನ ಇರಬಹುದು ಎಂಬುದಕ್ಕೆ ಪ್ರತಿ ಲೀಗ್‌ಗೂ ತನ್ನದೇ ನಿಯಮ. ಚೀನಾದಲ್ಲಿ ಅವರು ಪಂದ್ಯದ ನಾಲ್ಕು ಕ್ವಾರ್ಟರ್‌ಗಳಲ್ಲಿ, ಅಂದರೆ ಕಾಲುಭಾಗಗಳಲ್ಲಿ, ಎಷ್ಟನ್ನು ಆಡಬಹುದು ಎಂಬುದಕ್ಕೂ ಮಿತಿ ಹಾಕಿದ್ದರು. ಇಂಥ ಮಿತಿಯೊಳಗೇ ಸ್ಟೆಫನ್ ಮಾರ್ಬರಿ ಬೀಜಿಂಗ್ ಡಕ್ಸ್ ತಂಡಕ್ಕೆ 2012, 2014 ಮತ್ತು 2015ರಲ್ಲಿ ಪ್ರಶಸ್ತಿ ತಂದುಕೊಟ್ಟರು. ನ್ಯೂಯಾರ್ಕಿನ ಕೋನಿ ಐಲೆಂಡ್‌ನವರು, ಎನ್‌ಬಿಎ ಆಲ್ ಸ್ಟಾರ್ ಪಂದ್ಯದಲ್ಲಿ ಎರಡು ಸಲ ಆಡಿದವರು. ಅಮೆರಿಕದಲ್ಲಿ ಅವರ ಕೊನೆಯ ವರ್ಷಗಳು ಜಗಳ, ಬೇಸರದಲ್ಲೇ ಕಳೆದಿದ್ದವು. ಬೀಜಿಂಗ್‌ನಲ್ಲಿ ಜನ ಅವರ ಪ್ರತಿಮೆಯನ್ನೇ ನಿಲ್ಲಿಸಿದರು.

ಯುರೋಪಿನ ಕಥೆ ಬೇರೆ. ಅಲ್ಲಿ ಪಾಸ್‌ಪೋರ್ಟೇ ಒಂದು ಪ್ರತಿಭೆಯ ಹಾಗೆ. 1995ರಲ್ಲಿ ಫುಟ್‌ಬಾಲ್ ಆಟಗಾರ ಬೊಸ್ಮನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಯುರೋಪಿಯನ್ ಒಕ್ಕೂಟದ ಪ್ರಜೆಗಳನ್ನು ಒಕ್ಕೂಟದೊಳಗೆ ವಿದೇಶಿ ಎಂದು ಎಣಿಸಿ ತಡೆಯುವಂತಿಲ್ಲ ಎಂಬುದು ಅದರ ಸಾರ. ಬ್ಯಾಸ್ಕೆಟ್‌ಬಾಲ್‌ಗೂ ಅದರ ಪರಿಣಾಮ ತಟ್ಟಿತು. ಅಜ್ಜಿಯ ಊರು ಇಟಲಿಯೋ ಐರ್ಲೆಂಡೋ ಆಗಿದ್ದ ಅಮೆರಿಕನ್ ಆಟಗಾರ ದಾಖಲೆ ಹುಡುಕಿ ಅಲ್ಲಿನ ಪೌರತ್ವ ಪಡೆದರೆ, ವಿದೇಶಿಯರ ಕೋಟಾದಿಂದ ಅವನ ಹೆಸರು ಹೊರಗೆ. ಅಂಥವನ ಬೆಲೆ ತಕ್ಷಣ ಏರುತ್ತದೆ. ಯಾವ ನಂಟೂ ಇಲ್ಲದೆ ಪೌರತ್ವ ಪಡೆದವರೂ ಇದ್ದಾರೆ. ಪಿಟ್ಸ್‌ಬರ್ಗ್‌ನ ಜೆ. ಆರ್. ಹೋಲ್ಡನ್ ಸಿಎಸ್‌ಕೆಎ ಮಾಸ್ಕೋಗೆ ಆಡುತ್ತಾ ರಷ್ಯಾದ ಪ್ರಜೆಯಾದರು. 2007ರಲ್ಲಿ ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿ ಯುರೋಬಾಸ್ಕೆಟ್‌ನ ಫೈನಲ್. ಮ್ಯಾಡ್ರಿಡ್‌ನಲ್ಲಿ, ಸ್ಪೇನ್‌ನವರ ಮನೆಯಂಗಳದಲ್ಲಿ, ಕೊನೆಯ ಕ್ಷಣದಲ್ಲಿ ಗೆಲುವಿನ ಬುಟ್ಟಿ ಹಾಕಿದ್ದು ಹೋಲ್ಡನ್. ರಷ್ಯಾ 60, ಸ್ಪೇನ್ 59.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಪುರುಷರು ಎನ್‌ಬಿಎ ಸಿಗದೆ ಹೊರಗೆ ಹೋಗುತ್ತಿದ್ದರೆ, ಅಮೆರಿಕದ ಅತ್ಯುತ್ತಮ ಆಟಗಾರ್ತಿಯರು ಅಲ್ಲಿನ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಆಡುತ್ತಲೇ ಹೊರಗೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಊರು, ಚಳಿಗಾಲದಲ್ಲಿ ರಷ್ಯಾ ಅಥವಾ ಟರ್ಕಿ. ಕಾರಣ ಹಣ. ಡಯಾನಾ ಟೌರಾಸಿ 2015ರಲ್ಲಿ ಡಬ್ಲ್ಯುಎನ್‌ಬಿಎ ಸೀಸನ್ನನ್ನೇ ಬಿಟ್ಟರು. ಬೇಸಿಗೆಯಲ್ಲಿ ವಿಶ್ರಾಂತಿ ಪಡೆಯಲಿ ಎಂದು ರಷ್ಯಾದ ಎಕಟೆರಿನ್‌ಬರ್ಗ್ ತಂಡವೇ ಅವರಿಗೆ ಹಣ ಕೊಟ್ಟಿತ್ತು. ಅದೇ ತಂಡಕ್ಕೆ ಆಡಲು ಹೋಗುತ್ತಿದ್ದಾಗ 2022ರ ಫೆಬ್ರವರಿಯಲ್ಲಿ ಬ್ರಿಟ್ನಿ ಗ್ರೈನರ್ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೆ ಒಳಗಾದರು. ಒಂಬತ್ತು ವರ್ಷದ ಶಿಕ್ಷೆಯಾಯಿತು. ಕೈದಿಗಳ ವಿನಿಮಯದಲ್ಲಿ ಅವರು ಬಿಡುಗಡೆಯಾದದ್ದು ಡಿಸೆಂಬರ್‌ನಲ್ಲಿ. ಸಂಬಳ ಸರಿಯಾಗಿ ಸಿಕ್ಕಿದ್ದರೆ ಇಂಥ ಆಟಗಾರ್ತಿಯರು ಚಳಿಗಾಲವನ್ನು ಮನೆಯಲ್ಲೇ ಕಳೆಯುತ್ತಿದ್ದರು, ಅಲ್ವಾ?

ಇಂಪೋರ್ಟ್ ಎಂಬ ಪದಕ್ಕೆ ಪೂರ್ತಿ ಅರ್ಥ ಬರುವುದು ಮಾತ್ರ ಫಿಲಿಪ್ಪೀನ್ಸ್‌ನಲ್ಲಿ. ಅಲ್ಲಿನ ಪಿಬಿಎ 1975ರಲ್ಲಿ ಶುರುವಾದ ಲೀಗ್, ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಗಳ ಹೆಸರು: ಬಿಯರ್, ಜಿನ್, ವಿದ್ಯುತ್, ಬಣ್ಣ. ಸೀಸನ್‌ನಲ್ಲಿ ಬೇರೆ ಬೇರೆ ಕಪ್‌ಗಳು. ಫಿಲಿಪ್ಪೀನ್ ಕಪ್‌ನಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಕಮಿಷನರ್ಸ್ ಕಪ್ ಮತ್ತು ಗವರ್ನರ್ಸ್ ಕಪ್‌ನಲ್ಲಿ ತಂಡಕ್ಕೊಬ್ಬ ಇಂಪೋರ್ಟ್. ಅವನ ಎತ್ತರಕ್ಕೂ ಮಿತಿ ಇದೆ. ಗವರ್ನರ್ಸ್ ಕಪ್‌ನಲ್ಲಿ ಅನೇಕ ವರ್ಷ ಅದು 6 ಅಡಿ 5 ಇಂಚು ಇತ್ತು. ಲೀಗ್‌ನವರು ಅಳತೆ ಮಾಡಿಯೇ ಒಳಗೆ ಬಿಡುತ್ತಾರೆ. ಒಂದಿಂಚು ಜಾಸ್ತಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಳ್ಳುವ ಬ್ಯಾಸ್ಕೆಟ್‌ಬಾಲ್ ಆಟಗಾರನನ್ನು ಬೇರೆಲ್ಲಿ ನೋಡಲು ಸಾಧ್ಯ! ಪ್ರತಿ ಟೂರ್ನಿಯಲ್ಲೂ ‘ಬೆಸ್ಟ್ ಇಂಪೋರ್ಟ್’ ಪ್ರಶಸ್ತಿ ಕೊಡುತ್ತಾರೆ. ಅದಕ್ಕೆ ಈಗ ಬಾಬಿ ಪಾರ್ಕ್ಸ್ ಅವರ ಹೆಸರಿದೆ. ಅವರು ಅದನ್ನು ಏಳು ಸಲ ಗೆದ್ದವರು.

ಜಸ್ಟಿನ್ ಬ್ರೌನ್ಲೀ ಅಲ್ಲಿಗೆ ಬಂದದ್ದು 2016ರಲ್ಲಿ. ಜಾರ್ಜಿಯಾ ರಾಜ್ಯದ ಟಿಫ್ಟನ್ ಅವರ ಊರು, ಕಾಲೇಜು ನ್ಯೂಯಾರ್ಕಿನ ಸೇಂಟ್ ಜಾನ್ಸ್. 2011ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ, ಎನ್‌ಬಿಎಯ ಕೆಳಗಿನ ಡಿ-ಲೀಗ್‌ನಲ್ಲಿ ಆಡಿಕೊಂಡಿದ್ದರು. ಮನಿಲಾದ ಬರಂಗಾಯ್ ಜಿನೆಬ್ರಾ ತಂಡ ಪಾಲ್ ಹ್ಯಾರಿಸ್ ಎಂಬವರನ್ನು ಕರೆಸಿತ್ತು. ಅವರಿಗೆ ಗಾಯವಾಯಿತು. ಬದಲಿಗೆ ಬಂದವರು ಬ್ರೌನ್ಲೀ. ಜಿನೆಬ್ರಾ ಆ ದೇಶದ ಅತಿ ಹೆಚ್ಚು ಅಭಿಮಾನಿಗಳ ತಂಡ, ಆದರೆ ಎಂಟು ವರ್ಷದಿಂದ ಪ್ರಶಸ್ತಿ ಇರಲಿಲ್ಲ. ಆ ವರ್ಷದ ಗವರ್ನರ್ಸ್ ಕಪ್ ಫೈನಲ್‌ನ ಆರನೇ ಪಂದ್ಯ, ಎದುರಾಳಿ ಮೆರಾಲ್ಕೊ. ಅಂಕ ಸಮ. ಸಮಯ ಮುಗಿಯುವ ಹೊತ್ತಿಗೆ ಬ್ರೌನ್ಲೀ ಎಸೆದ ಮೂರು ಅಂಕದ ಚೆಂಡು ಬುಟ್ಟಿಗೆ ಬಿತ್ತು. ಬರಗಾಲ ಮುಗಿಯಿತು.

ಆಮೇಲೆ ಅವರು ವರ್ಷ ವರ್ಷ ವಾಪಸ್ ಬಂದರು. ಜಿನೆಬ್ರಾ ಜೊತೆ ಆರು ಪ್ರಶಸ್ತಿ ಗೆದ್ದರು. ಪತ್ರಿಕೆಗಳು ಅವರನ್ನು ‘ರೆಸಿಡೆಂಟ್ ಇಂಪೋರ್ಟ್’ ಎಂದು ಕರೆಯತೊಡಗಿದವು. ಅಂದರೆ ಹೊರಗಿನವನೇ, ಆದರೆ ಇಲ್ಲೇ ನೆಲೆ ನಿಂತವನು. 2023ರ ಜನವರಿಯಲ್ಲಿ ಫಿಲಿಪ್ಪೀನ್ಸ್ ಸಂಸತ್ತು ಮಾಡಿದ ಒಂದು ಕಾನೂನಿನಿಂದ ಅವರಿಗೆ ಪೌರತ್ವ ಸಿಕ್ಕಿತು. ಒಬ್ಬನೇ ಮನುಷ್ಯನಿಗಾಗಿ ಒಂದು ಕಾನೂನು. ಹೀಗೆ ನಂತರ ಪೌರತ್ವ ಪಡೆದವರು ರಾಷ್ಟ್ರೀಯ ತಂಡದಲ್ಲಿ ಒಬ್ಬರು ಮಾತ್ರ ಇರಬಹುದು ಎನ್ನುತ್ತದೆ ಫಿಬಾ ನಿಯಮ. ಆ ಒಂದು ಜಾಗ ಅವರಿಗೆ ಬಂತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್. ಸೆಮಿಫೈನಲ್‌ನಲ್ಲಿ ಆತಿಥೇಯ ಚೀನಾದ ಎದುರು ಫಿಲಿಪ್ಪೀನ್ಸ್ 20 ಅಂಕ ಹಿಂದೆ ಬಿದ್ದಿತ್ತು. ಕೊನೆಯಲ್ಲಿ ಬ್ರೌನ್ಲೀ ಎರಡು ಸಲ ಮೂರು ಅಂಕ ಹೊಡೆದು ಪಂದ್ಯ ಕಿತ್ತುಕೊಂಡರು, 77-76. ಫೈನಲ್‌ನಲ್ಲಿ ಜೋರ್ಡಾನ್ ಎದುರು 70-60. ಆ ಜೋರ್ಡಾನ್ ತಂಡದ ಮುಖ್ಯ ಆಟಗಾರನೂ ಪೌರತ್ವ ಪಡೆದ ಅಮೆರಿಕನ್ನೇ, ರಾಂಡೇ ಹಾಲಿಸ್-ಜೆಫರ್ಸನ್. ಅವರೂ ಪಿಬಿಎಯಲ್ಲಿ ಟಿಎನ್‌ಟಿ ತಂಡದ ಇಂಪೋರ್ಟ್ ಆಗಿ ಆಡಿದವರು. ಬಾಸ್ಕೆಟ್‌ಬಾಲನ್ನು ಪ್ರಾಣದಂತೆ ಪ್ರೀತಿಸುವ ಫಿಲಿಪ್ಪೀನ್ಸ್ 1962ರ ನಂತರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿರಲಿಲ್ಲ. 61 ವರ್ಷದ ಕಾಯುವಿಕೆಯನ್ನು ಮುಗಿಸಿದ ತಂಡವನ್ನು ಮುನ್ನಡೆಸಿದ್ದು ಬದಲಿ ಇಂಪೋರ್ಟ್ ಆಗಿ ಬಂದ ಒಬ್ಬ.

ಇಷ್ಟಾದ ಮೇಲೆ ಪಿಬಿಎಯಲ್ಲಿ ಅವರು ಸ್ಥಳೀಯ ಆಟಗಾರ ಆದರೇ? ಆಗಲಿಲ್ಲ. ಪೌರತ್ವ ಸಿಕ್ಕರೂ ಲೀಗ್ ಅವರನ್ನು ಇಂಪೋರ್ಟ್ ಎಂದೇ ಎಣಿಸಿತು. ಬ್ರೌನ್ಲೀ ಅವರನ್ನು ಸ್ಥಳೀಯ ಎಂದು ಲೆಕ್ಕ ಹಿಡಿದರೆ, ಜಿನೆಬ್ರಾ ಅವರ ಜೊತೆ ಇನ್ನೊಬ್ಬ ಅಮೆರಿಕನ್ನನ್ನೂ ಆಡಿಸಬಹುದು. ಉಳಿದ ತಂಡಗಳು ಒಬ್ಬರಲ್ಲೇ ನಿಲ್ಲಬೇಕಾಗುತ್ತದೆ. ಹಾಗಾಗಿ ಈ ನಿಯಮದ ಹಿಂದೆ ನ್ಯಾಯ ಇಲ್ಲ ಎಂದು ಹೇಳಲಾರೆ. ಆದರೂ ದೇಶದ ಜೆರ್ಸಿ ತೊಟ್ಟು ಚಿನ್ನ ಗೆದ್ದವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಫಿಲಿಪ್ಪೀನ್ ಕಪ್ ಶುರುವಾದರೆ ಆ ದೇಶದ ಪ್ರಜೆಯೇ ಆದ ಬ್ರೌನ್ಲೀ ಆಡುವಂತಿಲ್ಲ.